ಮಗಳ ಕೋಣೆಯ ಚಿಲಕ

ಪ್ರಶ್ನೆ: ನಮ್ಮದು ಹರಿಹರ. ಮಗಳು ಒಂಬತ್ತನೇ ತರಗತಿ, ದಾವಣಗೆರೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಮೊದಲು ಬ್ಯಾಗ್ ಇಳಿಸುವ ಮುಂಚೆಯೇ ಶಾಲೆಯ ಸುದ್ದಿಯೆಲ್ಲ ಹೇಳುತ್ತಿದ್ದವಳು ಈಗ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಾಳೆ. ಫೋನಿಗೂ ಲಾಕ್. ಮೊನ್ನೆ ಅವಳಿಲ್ಲದಾಗ ಡೈರಿ ಓದಿದೆ. ಗೆಳತಿಯರ ಜಗಳ, ಮೊಡವೆಯ ಚಿಂತೆ, ನನ್ನ ಮೇಲೆ ಒಂದಿಷ್ಟು ಸಿಟ್ಟು, ಅಷ್ಟೇ. ಅದು ಗೊತ್ತಾಗಿ ಮಾತು ಬಿಟ್ಟಿದ್ದಾಳೆ. ಚಿಲಕವನ್ನೇ ಕಿತ್ತುಹಾಕು ಅಂತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ಚಿಲಕ ಕೀಳಬೇಡಿ. ಕಿತ್ತರೆ ಬಚ್ಚಲುಮನೆಯಲ್ಲಿ ಹೋಗಿ ಕೂರುತ್ತಾಳೆ, ಇನ್ನೇನಿಲ್ಲ.

ಬಸ್ಸು, ತರಗತಿ, ಟ್ಯೂಷನ್ ಅಂತ ಇಡೀ ದಿನ ಜನರ ನಡುವೆ ಇದ್ದು ಬರುವ ಹುಡುಗಿ ಅವಳು. ಮೈ ಬದಲಾಗುತ್ತಿರುವ ವಯಸ್ಸು ಬೇರೆ. ಬಟ್ಟೆ ಬದಲಿಸಲು, ಕನ್ನಡಿ ನೋಡಿಕೊಳ್ಳಲು, ಸುಮ್ಮನೆ ಅಳಲು ಕೂಡ ಅವಳಿಗೊಂದು ಮರೆ ಬೇಕು. ಅತ್ತೆಯವರು ಹರೆಯದಲ್ಲಿದ್ದಾಗ ಅವರಿಗೆ ಬೇರೆ ಕೋಣೆ ಇರಲಿಲ್ಲವೇನೋ. ಆದರೆ ಕೀಲಿ ಹಾಕುವ ಒಂದು ಟ್ರಂಕಾದರೂ ಇತ್ತೇ, ಅದರ ಕೀಲಿ ಯಾರ ಹತ್ತಿರ ಇರುತ್ತಿತ್ತು ಎಂದು ಒಮ್ಮೆ ಕೇಳಿ ನೋಡಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿಯೂ ಮಕ್ಕಳ ಖಾಸಗಿತನವನ್ನು ಕಾಯುತ್ತದೆ. ಮನೆಯೊಳಗೆ ಕಾನೂನು ಓದಿ ಎಂದಲ್ಲ. ಮಗಳು ಕೇಳುತ್ತಿರುವುದು ಅತಿಯಾದದ್ದೇನಲ್ಲ ಎಂದು ನಿಮಗೆ ಗೊತ್ತಿರಲಿ.

ಡೈರಿಯ ವಿಷಯಕ್ಕೆ ಕ್ಷಮೆ ಕೇಳಿ. "ಓದಿದ್ದು ತಪ್ಪಾಯ್ತು, ಇನ್ನು ಮುಟ್ಟಲ್ಲ" ಅಂದರೆ ಸಾಕು. "ನಿನ್ನ ಒಳ್ಳೇದಕ್ಕೇ ಓದಿದ್ದು" ಅಂತ ಬಾಲ ಸೇರಿಸಿದಿರೋ, ಕ್ಷಮೆ ಹೋಗಿ ಬುದ್ಧಿಮಾತಾಗುತ್ತದೆ. ಅದರಲ್ಲಿ ಓದಿದ್ದನ್ನು ತವರಿನವರಿಗೆ ಫೋನ್ ಮಾಡಿ ಹೇಳಿದ್ದರೆ ಅದನ್ನೂ ಒಪ್ಪಿಕೊಳ್ಳಿ. ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ. ಸಂಜೆ ಒಗ್ಗರಣೆ ಮಂಡಕ್ಕಿ ಮಾಡಿ ಕೊಟ್ಟು ಪಕ್ಕದಲ್ಲಿ ಕೂತಿರಿ. ಮಾತು ಬಂದಾಗ ಬರಲಿ.

ಫೋನಿನ ಮಾತು ಬೇರೆ. ಡೈರಿಯಲ್ಲಿ ಅವಳೊಬ್ಬಳೇ ಇದ್ದಾಳೆ, ಫೋನಿನ ಆಚೆ ತುದಿಯಲ್ಲಿ ಯಾರಿದ್ದಾರೋ ಯಾರು ಕಂಡರು? ಇಲ್ಲಿ ನಿಯಮ ಇರಲಿ, ಆದರೆ ಎಲ್ಲರಿಗೂ ಗೊತ್ತಿರುವ ನಿಯಮ. ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಫೋನೂ, ಯಜಮಾನರದ್ದೂ ಸೇರಿ, ಹಾಲಿನಲ್ಲೇ ಚಾರ್ಜಿಗೆ. ಯಾವ ಆ್ಯಪ್ ಬೇಕು, ಯಾವುದು ಬೇಡ ಎಂಬುದನ್ನು ಅವಳ ಜೊತೆ ಕೂತೇ ತೀರ್ಮಾನಿಸಿ. ಕದ್ದು ನೋಡುವುದು ಬೇಡ. ಅನುಮಾನ ಬಂದರೆ ಅವಳೆದುರಿಗೇ ಕೇಳಿ.

ಊಟ, ನಿದ್ದೆ ಕೆಟ್ಟರೆ, ಕೈ ಮೇಲೆ ಕುಯ್ದುಕೊಂಡ ಗೆರೆ ಕಂಡರೆ, ಸಾಯುವ ಮಾತಾಡಿದರೆ, ದೊಡ್ಡವರ್ಯಾರೋ ಗುಟ್ಟಾಗಿ ದುಡ್ಡು, ಉಡುಗೊರೆ ಕೊಡುತ್ತಿದ್ದರೆ ಖಾಸಗಿತನದ ಲೆಕ್ಕ ಬದಿಗಿಟ್ಟು ಒಳಗೆ ಹೋಗಿ, ಕೇಳಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.