ದನದ ತಳಿ: ನಾವು ಆರಿಸಿದ್ದು, ಜೊತೆಗೆ ಬಂದದ್ದು

ಕಳೆದ ದೀಪಾವಳಿ ರಜೆಗೆ ಅಥಣಿ ತಾಲೂಕಿನ ನಮ್ಮೂರಿಗೆ ಹೋದಾಗ ಕಾಕಾ ಕೊಟ್ಟಿಗೆಯಲ್ಲಿ ನಿಲ್ಲಿಸಿ ಕೇಳಿದರು: “ಕಿಲಾರಿ ಆಕಳ ಬೆದಿಗೆ ಬಂದಿತ್ತು, ನಿನ್ನೆ ತಪ್ಪಿತು. ಪುಣ್ಯಾದಾಗ ಇದನ್ನ ಓದಾಕತ್ತೀಯಲ್ಲ, ಹೇಳು. ಮುಂದಿನ ಸಲ ಎಚ್.ಎಫ್. ಇಂಜೆಕ್ಷನ್ ಮಾಡಿಸ್ಲ್ಯೋ, ಕಿಲಾರಿ ಹೋರೀನ ಹಚ್ಚಸ್ಲ್ಯೋ?”

ಜೀವಶಾಸ್ತ್ರದ ಎರಡನೇ ವರ್ಷದಲ್ಲಿರುವ ನಾನು ಮೆಂಡೆಲನ ಬಟಾಣಿ ಲೆಕ್ಕವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಆಕಳ ಮುಂದೆ ಮಾತ್ರ ಬಾಯಿ ಕಟ್ಟಿತು. “ವಿಚಾರ ಮಾಡಿ ಪತ್ರ ಬರೀತೀನ್ರಿ ಕಾಕಾ” ಎಂದು ಜಾರಿಕೊಂಡೆ. ಬೆದೆ ಮತ್ತೆ ಬರಲು 21 ದಿನ. ಅಷ್ಟರಲ್ಲಿ ನಾನು ಓದಿ ತಿಳಿದದ್ದನ್ನು ವಾಚಕ ಮಿತ್ರರ ಮುಂದಿಡುತ್ತಿದ್ದೇನೆ.

ಮೊದಲು ದನ ಎಲ್ಲಿಂದ ಬಂತು ನೋಡೋಣ. ನಾವು ಸಾಕುವ ಆಕಳು-ಎತ್ತುಗಳ ಪೂರ್ವಜ ಔರಾಕ್ಸ್ ಎಂಬ ಕಾಡುದನ. (ಮಲೆನಾಡಿನ ಕಾಟಿ ಬೇರೆ.) ಇದರ ಕೊನೆಯ ಪ್ರಾಣಿ 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ಮನುಷ್ಯ ಇದನ್ನು ಎರಡು ಕಡೆ ಪಳಗಿಸಿದ. ಸುಮಾರು 10,500 ವರ್ಷಗಳ ಹಿಂದೆ ಟೈಗ್ರಿಸ್-ಯೂಫ್ರೆಟಿಸ್ ನದಿಗಳ ಮೇಲ್ಭಾಗದಲ್ಲಿ ಪಳಗಿದ್ದು ಡುಬ್ಬವಿಲ್ಲದ ದನ; ಎಚ್.ಎಫ್. ಆ ವಂಶದ್ದು. ಸುಮಾರು 8,000 ವರ್ಷಗಳ ಹಿಂದೆ ಸಿಂಧೂ ಪ್ರದೇಶದಲ್ಲಿ, ಬಲೂಚಿಸ್ತಾನದ ಮೆಹರ್‌ಗಢದ ಕಡೆ, ಪಳಗಿದ್ದು ಡುಬ್ಬದ ದನ. ಕಿಲಾರಿ ಈ ವಂಶದ್ದು. ಮನುಷ್ಯ ಕೈಹಾಕುವ ಲಕ್ಷಾಂತರ ವರ್ಷ ಮೊದಲೇ ಈ ಎರಡರ ಕಾಡು ಪೂರ್ವಜರು ಬೇರೆಯಾಗಿದ್ದವು. ಕಾಕಾ ಕೇಳಿದ್ದು ಸಣ್ಣ ಪ್ರಶ್ನೆಯೇನಲ್ಲ ಎಂದು ಆಗ ತಿಳಿಯಿತು.

ಡುಬ್ಬವಿಲ್ಲದ ದನದ ಮೂಲದಲ್ಲಿ ಸುಮಾರು 80 ಹೆಣ್ಣು ಕಾಡುದನಗಳಷ್ಟೇ ಇದ್ದವೆಂದು 2012ರ ಒಂದು ಅಧ್ಯಯನ ಅಂದಾಜು ಮಾಡಿತು. ಅಂದರೆ ಕಾಡಿನ ದೊಡ್ಡ ಗಂಟಿನಿಂದ ಒಂದು ಬೊಗಸೆ ಮಾತ್ರ ಮನೆಗೆ ಬಂತು. ಆಮೇಲೆ ನಡೆದದ್ದು ಆರಿಸುವ ಕೆಲಸ. ಹಾಯದ್ದನ್ನು ಉಳಿಸಿಕೊಂಡರು, ಹಾಯುವುದನ್ನು ಕೊಯ್ದರು. ಮೈ ಚಿಕ್ಕದಾಯಿತು. ಒಂದು ಕಡೆ ಹಾಲಿಗೆ, ಇನ್ನೊಂದು ಕಡೆ ನೊಗಕ್ಕೆ ಎಂದು ತಳಿಗಳು ಕವಲೊಡೆದವು.

ಇಲ್ಲೊಂದು ತೊಡಕಿದೆ. ಪ್ರತಿ ವಂಶವಾಹಿಯ ಎರಡು ಪ್ರತಿಗಳು ಪ್ರಾಣಿಯಲ್ಲಿರುತ್ತವೆ. ಕರುವಿಗೆ ಹೋಗುವುದು ಒಂದು. ನಾವು ಹೋರಿಯ ಮಗಳ ಹಾಲು ನೋಡಿ ಆರಿಸುತ್ತೇವೆ. ಕಣ್ಣಿಗೆ ಕಾಣದ ದೋಷವಿದ್ದರೆ ಅದೂ ಜೊತೆಗೆ ಬರುತ್ತದೆ. ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ತಂದೆ-ತಾಯಿ ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಪೆಟ್ಟು. ಹಿಂದೆ ಒಂದು ಹೋರಿಯ ಆಟ ನಾಲ್ಕು ಹಳ್ಳಿಗೆ ಮುಗಿಯುತ್ತಿತ್ತು. ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವುದು ಬಂದ ಮೇಲೆ ಒಂದೇ ಹೋರಿ ಖಂಡಾಂತರ ಅಪ್ಪನಾಗತೊಡಗಿತು.

ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ‘ಪಾನಿ ಫಾರ್ಮ್ ಆರ್ಲಿಂಡಾ ಚೀಫ್’ ಎಂಬ ಎಚ್.ಎಫ್. ಹೋರಿಯ ಕಥೆ ಕೇಳಿ. ಹೆಣ್ಣುಮಕ್ಕಳು 16,000, ಮೊಮ್ಮಕ್ಕಳು 5 ಲಕ್ಷ, ಮರಿಮೊಮ್ಮಕ್ಕಳು 20 ಲಕ್ಷದ ಮೇಲೆ! ಅಲ್ಲಿನ ಆ ತಳಿಯ ಆನುವಂಶಿಕ ಸಂಪತ್ತಿನಲ್ಲಿ ಸುಮಾರು ಶೇಕಡಾ 14 ಪಾಲು ಅವನದು. ಹಾಲಿನ ಹೊಳೆ ಹರಿಯಿತು, ಸುಳ್ಳಲ್ಲ. ಆದರೆ ಅವನಲ್ಲಿ ಒಂದು ಕೆಟ್ಟ ಪ್ರತಿಯೂ ಇತ್ತು. ಎರಡೂ ಕಡೆಯಿಂದ ಅದೇ ಕೂಡಿದರೆ ಕರು ಗರ್ಭದಲ್ಲೇ ಸಾಯುತ್ತದೆ. 35 ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಗರ್ಭಗಳು ಹೀಗೆ ಹೋದವೆಂದು 2016ರಲ್ಲಿ ಲೆಕ್ಕ ಹಾಕಿದರು. ಈಗ ಪರೀಕ್ಷೆ ಮಾಡಿ ಅಂಥ ಹೋರಿಯನ್ನು ಗುರುತಿಸಬಹುದು. ಆದರೂ ಅಮೆರಿಕದ ಸುಮಾರು 90 ಲಕ್ಷ ಹಾಲಿನ ಆಕಳುಗಳಲ್ಲಿ ಬಹುಪಾಲು ಈ ಒಂದೇ ತಳಿಯವು, ಒಂದಕ್ಕೊಂದು ಹತ್ತಿರದ ನೆಂಟರು.

ಇನ್ನೊಂದು ಬಗೆಯ ಪೆಟ್ಟು ನಮ್ಮ ನದಿ ದಂಡೆಯಲ್ಲೇ ಇದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿ ಮೊದಲಾದ ಸಂಸ್ಥಾನಗಳ ಕಡೆಯವರು ಗಿರ್, ಕಾಂಕ್ರೇಜ್, ಓಂಗೋಲ್ ಹಾಗೂ ಮೈಸೂರು ಕಡೆಯ ದನಗಳನ್ನು ಕೂಡಿಸಿ ಕೃಷ್ಣಾ ಕಣಿವೆ ತಳಿ ಮಾಡಿದರು. ಜಿಗುಟು ಎರಿಭೂಮಿಯಲ್ಲಿ ನೇಗಿಲು ಎಳೆಯಬೇಕಲ್ಲ! ಟ್ರ್ಯಾಕ್ಟರ್ ಬಂತು, ಎತ್ತು ಬೇಡವಾಯಿತು, ತಳಿ ಬೆರಳೆಣಿಕೆಯ ಕೊಟ್ಟಿಗೆಗಳಿಗೆ ಇಳಿಯಿತು. ಒಂದೇ ಕೆಲಸಕ್ಕೆ ಆರಿಸಿದ್ದು ಆ ಕೆಲಸದ ಜೊತೆಗೇ ಹೋಗುತ್ತದೆ.

ಹಾಗಂತ ಎಚ್.ಎಫ್. ಬೇಡವೆನ್ನಲು ನನಗೆ ನಾಲಿಗೆಯಿಲ್ಲ. ನನ್ನ ಹಾಸ್ಟೆಲ್ ಫೀ ಬರುವುದು ಕಾಕಾನ ಎರಡು ಮಿಶ್ರತಳಿ ಆಕಳ ಹಾಲಿನಿಂದ. ಅರ್ಧ ಅಲ್ಲಿನದು, ಅರ್ಧ ಇಲ್ಲಿನದು ಇರುವ ಆಕಳು ಹಾಲೂ ಕೊಡುತ್ತದೆ, ಬಿಸಿಲನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಆದರೆ ಆ ‘ಇಲ್ಲಿನ ಅರ್ಧ’ ಎಲ್ಲಿಂದ ಬರಬೇಕು? ಎಲ್ಲ ಕಿಲಾರಿಗೂ ಎಚ್.ಎಫ್. ಮಾಡಿಸುತ್ತ ಹೋದರೆ ಮುಂದೆ ಕೂಡಿಸಲು ಕಿಲಾರಿಯೇ ಇರುವುದಿಲ್ಲ.

ಹದಿನೈದನೇ ದಿನ ಪತ್ರ ಹಾಕಿದೆ: “ಕಾಕಾ, ಮನ್ಯಾಗ ಉಳಿದದ್ದು ಅದೊಂದ ಕಿಲಾರಿ. ಅದಕ್ಕ ಕಿಲಾರಿ ಹೋರೀನ ಹಚ್ಚಸ್ರಿ. ಆದ್ರ ಅದರ ಅಪ್ಪನ್ನ ಅಲ್ಲ, ಬ್ಯಾರೆ ಊರಿಂದು ನೋಡ್ರಿ. ಉಳಿದ ಎರಡಕ್ಕ ಇಂಜೆಕ್ಷನ್ ಮಾಡಿಸಿದಾಗ ನಳಿಕಿ ಮ್ಯಾಲಿನ ಹೋರಿ ನಂಬರ ಬರೆದಿಡ್ರಿ. ತಾಯಿಗೆ ಬಂದ ನಂಬರ ಮಗಳಿಗೆ ಬರಬಾರದು.”

ಉತ್ತರ ಫೋನಿನಲ್ಲಿ ಬಂತು: “ಹೋರಿ ಸಿಕ್ಕೈತಿ, ಮೂರು ಊರು ದಾಟಿ ಹೋಗಬೇಕಾತು. ನಂಬರ ಬರ್ಯಾಕ ನಿನ್ನ ಹಳೇ ಗಣಿತದ ವಹಿ ತೊಗೊಂಡೀನಿ. ಹಿಂದಿನ ಹಾಳಿ ಎಲ್ಲಾ ಖಾಲೀನ ಇದ್ದುವಪಾ!”