ರಾತ್ರಿ ಕಾವಲಿನ ಟಾರ್ಚಿಗೆ ತಕ್ಕ ಚಾರ್ಜರು

ಬಂಡೀಪುರದ ಕಾಡಂಚಿನ ಹೊಲಗಳಲ್ಲಿ ಹಂದಿಯಿಂದಲೂ ಆನೆಯಿಂದಲೂ ಮುಸುಕಿನ ಜೋಳವನ್ನು ಕಾಯಬೇಕಾದ ರೈತನಿಗೆ ತಲೆಗೆ ಕಟ್ಟುವ ಟಾರ್ಚು ಅಟ್ಟಣೆಯಷ್ಟೇ ಅವಶ್ಯಕವಾದುದು. ಆದರೆ ಅದರ ಪೆಟ್ಟಿಗೆಯಲ್ಲಿ ಅನೇಕ ವೇಳೆ ಯುಎಸ್‌ಬಿ ವಯರು ಮಾತ್ರ ಇರುವುದರಿಂದ ಚಾರ್ಜರನ್ನು ಆರಿಸುವ ಹೊಣೆ ಕೊಳ್ಳುವವನದೇ ಆಗುತ್ತದೆ.

ಚಾರ್ಜರಿನ ಪ್ರಥಮ ಕರ್ತವ್ಯ ಬೇಗ ತುಂಬಿಸುವುದಲ್ಲ, ಗೋಡೆಯ 230 ವೋಲ್ಟನ್ನು ವಯರಿನ 5 ವೋಲ್ಟಿನಿಂದ ದೂರವಿಡುವುದು. ಒಳ್ಳೆಯ ಚಾರ್ಜರಿನ ಗರ್ಭದಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರೊಂದು ಇವೆರಡನ್ನೂ ಪ್ರತ್ಯೇಕಿಸಿರುತ್ತದೆ. ಕಳಪೆಯದರಲ್ಲಿ ಆ ನಿರೋಧವೇ ತೆಳುವಾಗಿದ್ದು, ಅದು ಮುರಿದ ಕ್ಷಣದಲ್ಲಿ ಟಾರ್ಚಿನ ಲೋಹಭಾಗವನ್ನು ಮುಟ್ಟಿದವನಿಗೆ ಶಾಕ್ ಹೊಡೆಯುತ್ತದೆ. ಬೆನ್ನಿನಿಂದ ಎರಡು ಪಿನ್ನುಗಳನ್ನು ಹೊರಗೆಳೆದು ನೇರವಾಗಿ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಟಾರ್ಚುಗಳಲ್ಲಿ ಹಲವಕ್ಕೆ ಈ ಪ್ರತ್ಯೇಕತೆ ಲವಲೇಶವೂ ಇರದು; ಅಂಥವನ್ನು ಚಾರ್ಜಾಗುವಾಗ ಮುಟ್ಟಕೂಡದು. ನನ್ನನ್ನು ಕೇಳಿದರೆ ಕೊಳ್ಳಲೇಕೂಡದು.

ಅಂಗಡಿಗೆ ಹೋಗುವ ಮುನ್ನ ಟಾರ್ಚಿನ ಮೇಲಿನ ಬರಹವನ್ನು ಓದಿಕೊಳ್ಳಿ. ಯುಎಸ್‌ಬಿ ರಂಧ್ರವಿದ್ದರೆ 5 ವೋಲ್ಟು ಸಾಕು. ಸೆಲ್ಲಿಗೆ ಬೇಕಾದ 4.2 ವೋಲ್ಟಿನ ಮಿತಿಯನ್ನು ಟಾರ್ಚಿನೊಳಗಿನ ಸರ್ಕ್ಯೂಟು ನೋಡಿಕೊಳ್ಳುತ್ತದೆ. ದುಂಡು ಪಿನ್ನಿನದಾದರೆ ಮಾತ್ರ ಎಚ್ಚರ ಬೇಕು: ಸೆಟ್‌ಟಾಪ್ ಬಾಕ್ಸಿನ 12 ವೋಲ್ಟಿನ ಅಡಾಪ್ಟರು ಅದೇ ರಂಧ್ರದಲ್ಲಿ ಕೂರುವುದು ಅಸಂಭವವಲ್ಲ, ಕೂತರೆ ಸೆಲ್ಲು ಕೆಡುವುದಷ್ಟೇ ಅಲ್ಲ, ಹೊತ್ತಿಕೊಳ್ಳಲೂಬಹುದು.

ಅನಂತರ, ಚಾಮರಾಜನಗರದ ದೊಡ್ಡಂಗಡಿ ಬೀದಿಯಲ್ಲಾಗಲಿ ಗುಂಡ್ಲುಪೇಟೆಯ ಬಸ್ ನಿಲ್ದಾಣದ ಸುತ್ತಲಾಗಲಿ, ಬೆಲೆಯನ್ನು ಕೇಳುವ ಮೊದಲು ಚಾರ್ಜರಿನ ಮೈಮೇಲಿನ ಸಣ್ಣಕ್ಷರವನ್ನು ನೋಡತಕ್ಕದ್ದು. ಇನ್‌ಪುಟ್ 100ರಿಂದ 240 ವೋಲ್ಟು, ಔಟ್‌ಪುಟ್ 5 ವೋಲ್ಟು ಎಂದಿರಬೇಕು. ಆಂಪಿಯರ್ ಹೆಚ್ಚಾದರೆ ಟಾರ್ಚು ಸುಡುತ್ತದೆಂಬ ಭಯ ನಿರಾಧಾರವಾದುದು. 2 ಆಂಪಿಯರಿನ ಚಾರ್ಜರಿನಿಂದಲೂ ಟಾರ್ಚು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದುದು ಭಾರತೀಯ ಮಾನಕ ಬ್ಯೂರೋದ ಚಿಹ್ನೆ: ‘ಐಎಸ್ 13252’ ಅಥವಾ ಅದರ ಸ್ಥಾನಕ್ಕೆ ಬರುತ್ತಿರುವ ‘62368’ ಎಂಬ ಮಾನಕದ ಸಂಖ್ಯೆ, ಅದರೊಡನೆ ‘ಆರ್’ ಅಕ್ಷರ ಹಾಗೂ 8 ಅಂಕಿಗಳ ನೋಂದಣಿ. ಈ ನೋಂದಣಿಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅಂಗಡಿಯ ಮುಂದೆಯೇ ಹಾಕಿ ನೋಡಿ, ಅಲ್ಲಿ ಕಾಣುವ ಕಂಪನಿಯೂ ವಸ್ತುವೂ ಕೈಯಲ್ಲಿರುವುದಕ್ಕೆ ಹೊಂದದಿದ್ದರೆ ಸಂಕೋಚವಿಲ್ಲದೆ ಹಿಂತಿರುಗಿಸಿ. ಅಂಕಿಗಳನ್ನು ಅಚ್ಚುಹಾಕುವುದು ಕಳ್ಳಮಾಲಿನವನಿಗೂ ಕಷ್ಟವಲ್ಲ. ಬಿಲ್ಲನ್ನು ಕೇಳಿ ಪಡೆಯಿರಿ.

ಎರಡೂ ತುದಿ ಟೈಪ್-ಸಿ ಆದ ವಯರಿನಲ್ಲಿ ಕೆಲವು ಟಾರ್ಚುಗಳು ಚಾರ್ಜೇ ಆಗವು. ಅದು ಬಹುಶಃ ಟಾರ್ಚಿನ ರಂಧ್ರದಲ್ಲಿ ಇರಬೇಕಾದ ರೆಸಿಸ್ಟರನ್ನು ತಯಾರಕನು ಹಾಕದೆ ಬಿಟ್ಟ ಫಲವೇ ಹೊರತು ಚಾರ್ಜರಿನ ದೋಷವಲ್ಲ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಆದ ವಯರಿನಿಂದ ಪರೀಕ್ಷಿಸಿ.

ಎಲ್ಲಿ ಚಾರ್ಜು ಮಾಡುವುದೆಂಬ ಪ್ರಶ್ನೆಯೂ ಕಡಿಮೆಯದಲ್ಲ. ಹೊಲದ ಮೋಟಾರ್ ಮನೆಯಲ್ಲಿ ಸ್ಟಾರ್ಟರಿನಿಂದ ವಯರೆಳೆದು ಸಾಕೆಟ್ಟು ಕಟ್ಟಿಕೊಂಡಿರುವವರುಂಟು. ತ್ರೀಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದುಹೋದರೆ ಆ ಸಾಕೆಟ್ಟಿನಲ್ಲಿ 230ರ ಬದಲು 400ರ ಹತ್ತಿರದ ವೋಲ್ಟು ಬರಬಹುದಾದ್ದರಿಂದ, ಎಷ್ಟು ಉತ್ತಮ ಚಾರ್ಜರಾದರೂ ಅಲ್ಲಿ ಬಾಳುವುದು ದುಸ್ಸಾಧ್ಯ. ಮನೆಯಲ್ಲಿಯೇ, ಹಾಸಿಗೆಯಿಂದ ದೂರವಾಗಿ ಕಲ್ಲುಚಪ್ಪಡಿಯ ಮೇಲಿಟ್ಟು, ಎಚ್ಚರವಾಗಿರುವ ಹೊತ್ತಿನಲ್ಲಿ ಚಾರ್ಜು ಮಾಡಿ. ಬೇಸಗೆಯ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಬೇಡ, 45 ಡಿಗ್ರಿ ಸೆಲ್ಷಿಯಸ್ ಮೀರಿದ ಶಾಖದಲ್ಲಿ ಲಿಥಿಯಂ ಸೆಲ್ಲನ್ನು ಚಾರ್ಜು ಮಾಡಲಾಗದು. ಚಾರ್ಜರು ಕೈಯಿಡಲಾಗದಷ್ಟು ಕಾದರೆ, ಗುಂಯ್ಗುಟ್ಟಿದರೆ ಅಥವಾ ಸೆಲ್ಲು ಉಬ್ಬಿದರೆ, ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ, ಆಮೇಲೆ ವಯರನ್ನು ಕಿತ್ತು, ಉಬ್ಬಿದ ಸೆಲ್ಲನ್ನು ಒತ್ತದೆ ಚುಚ್ಚದೆ ಮನೆಯ ಹೊರಗೆ ಮರಳಿನ ಮೇಲಿಡಿ. ಆಮೇಲೆ ಅದನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.