ಜೊತೆಗಿಟ್ಟ ಹಾವು, ಕಾಣೆಯಾದ ಹಾವು: ಮಾಲೀಕ ತಿಳಿದಿರಬೇಕಾದ ಕಾನೂನು

ರಾತ್ರಿ ಡಬ್ಬದಲ್ಲಿ ಎರಡು ಹಾವಿದ್ದವು, ಬೆಳಿಗ್ಗೆ ಒಂದೇ ಇದೆ. ಮುಚ್ಚಳ ಸರಿದಿದೆಯೇ, ಇಲ್ಲ ಉಳಿದ ಹಾವಿನ ಹೊಟ್ಟೆ ಉಬ್ಬಿದೆಯೇ? ಸಾಕಿದವರು ಗಾಬರಿಯಲ್ಲಿ ಕೇಳಿಕೊಳ್ಳುವ ಈ ಪ್ರಶ್ನೆಯನ್ನು ಅರಣ್ಯ ಇಲಾಖೆಯೂ ಕೇಳಬಹುದು, ಅದೂ ಲಿಖಿತವಾಗಿ. ನೋಂದಾಯಿತ ಪ್ರಾಣಿ ಸತ್ತಿತೋ, ತಪ್ಪಿಸಿಕೊಂಡಿತೋ, ಕೈ ಬದಲಾಯಿತೋ ಎಂಬುದಕ್ಕೆ ಮಾಲೀಕನ ಬಳಿ ಉತ್ತರ ಇರಬೇಕು. ಎರಡನ್ನು ಒಂದೇ ಡಬ್ಬದಲ್ಲಿಟ್ಟವನ ಬಳಿ ಆ ಉತ್ತರವೇ ಇರುವುದಿಲ್ಲ.

ಮೊದಲು, ಯಾವ ಹಾವು ಎಂಬುದು ಇತ್ಯರ್ಥವಾಗಲಿ. ನಾಗರ, ಕೇರೆ, ಹೆಬ್ಬಾವು, ಕೊಳಕುಮಂಡಲ, ಅದೃಷ್ಟ ತರುತ್ತದೆಂದು ನಂಬಿಸಿ ಲಕ್ಷಗಟ್ಟಲೆ ರೂಪಾಯಿಗೆ ಮಾರುವ ಎರಡು ತಲೆ ಹಾವು, ಇವುಗಳಲ್ಲಿ ಒಂದನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಒಂದನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು, ಮೇಲೆ ದಂಡ. ಹಾವು ನಿಮ್ಮ ವಶದಲ್ಲಿತ್ತೆಂದು ರುಜುವಾತಾದರೆ ಅದು ಅಕ್ರಮವಲ್ಲವೆಂದು ತೋರಿಸುವ ಭಾರ ಕಲಂ 57ರ ಪ್ರಕಾರ ನಿಮ್ಮದೇ. ವಿಡಿಯೊ ಚೆನ್ನಾಗಿ ಬರಲಿ ಎಂದು ಹಿಡಿದ ನಾಗರನನ್ನು ರಾತ್ರಿಯಿಡೀ ಚೀಲದಲ್ಲಿಟ್ಟುಕೊಳ್ಳುವ ‘ಸ್ನೇಕ್’ ಹೀರೊಗಳೂ ಇದನ್ನು ಓದಿಕೊಂಡರೆ ಒಳ್ಳೆಯದು.

ವಿದೇಶಿ ಹಾವುಗಳ ಲೆಕ್ಕ ಬೇರೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ನಾಲ್ಕನೇ ಅನುಸೂಚಿಗೆ ಸೇರಿಸಿತು. ಬಾಲ್ ಪೈಥಾನ್, ಬೋವಾ ಇದರಲ್ಲಿ ಬರುತ್ತವೆ. ಇವನ್ನು ಇಟ್ಟುಕೊಂಡವರು ಕಲಂ 49ಎಂ ಪ್ರಕಾರ ವರದಿ ಮಾಡಿ ನೋಂದಾಯಿಸಬೇಕು. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳು ಹಳೆಯ ಮಾಲೀಕರಿಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಆರು ತಿಂಗಳ ಕಾಲಾವಕಾಶ ಕೊಟ್ಟಿದ್ದವು, ಅದು ಮುಗಿದಿದೆ. ಹೊಸದಾಗಿ ಪಡೆದವರಿಗೆ 30 ದಿನ. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ. ಹಾಗೆಂದು ಅದು ಕಾಗದವಿಲ್ಲದೆ ದೇಶದೊಳಗೆ ಬರಬಹುದೆಂದಲ್ಲ, ಆಮದು ಪರವಾನಗಿಯ ಸರಪಳಿ ಅದಕ್ಕೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಬ್ಯಾಗೊಂದರಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ದವು. ಸಿಕ್ಕಿಬೀಳದ ಬ್ಯಾಗುಗಳ ಮರಿಗಳೇ ‘ಬಿಲ್ ಇಲ್ಲ, ರೇಟು ಕಡಿಮೆ’ ಎಂದು ಕೈಯಿಂದ ಕೈಗೆ ದಾಟುವುದು.

ಇನ್ನು ಜೊತೆಗಿಡುವ ಮಾತು. ‘ಪಾಪ, ಒಂಟಿಯಾಗಿದೆ’ ಎಂದು ಎರಡನೆಯದನ್ನು ತರುವವರಿದ್ದಾರೆ. ಎರಡೂ ಒಂದರ ಮೇಲೊಂದು ಸುತ್ತಿಕೊಂಡಿದ್ದರೆ ಅದು ಪ್ರೀತಿಯಲ್ಲ, ಬೆಚ್ಚನೆಯ ಒಂದೇ ಜಾಗಕ್ಕೆ ಪೈಪೋಟಿ. ಒಂದೇ ಇಲಿಯನ್ನು ಎರಡು ತುದಿಯಿಂದ ಕಚ್ಚಿದಾಗ ದೊಡ್ಡದು ಚಿಕ್ಕದನ್ನೂ ಸೇರಿಸಿ ನುಂಗಲು ಹೊರಡಬಹುದು. ಕಿಂಗ್ ಸ್ನೇಕ್‌ಗಂತೂ ಬೇರೆ ಹಾವು ಸಹಜ ಆಹಾರ. ಬೋವಾ ಮತ್ತು ಪೈಥಾನನ್ನು ಕೂಡಿಡುವುದು ಇನ್ನೂ ಕೆಟ್ಟದ್ದು: ಇನ್‌ಕ್ಲೂಷನ್ ಬಾಡಿ ರೋಗದ ವೈರಸ್ ಹೊತ್ತ ಬೋವಾ ಬಹುಕಾಲ ಆರೋಗ್ಯವಾಗಿಯೇ ಕಾಣುತ್ತದೆ, ಪಕ್ಕದ ಪೈಥಾನ್ ಬೇಗ ಕುಸಿಯುತ್ತದೆ. ಡಬ್ಬದಲ್ಲಿ ವಾಂತಿ ಕಂಡರೆ ಯಾವುದರದ್ದೆಂದು ವೈದ್ಯರಿಗೆ ಹೇಳಲೂ ಆಗದು.

ಕಾನೂನಿನ ತೊಡಕು ಶುರುವಾಗುವುದು ಒಂದು ಗಂಡು, ಇನ್ನೊಂದು ಹೆಣ್ಣು ಆಗಿದ್ದಾಗ. ಮಾರಿದವನು ‘ಎರಡೂ ಹೆಣ್ಣು’ ಎಂದಿದ್ದ ಮಾತನ್ನು ನಂಬುವಂತಿಲ್ಲ, ಮರಿ ಹಾವಿನ ಲಿಂಗ ಪತ್ತೆಯಲ್ಲಿ ತಪ್ಪಾಗುವುದುಂಟು. ನಾಲ್ಕನೇ ಅನುಸೂಚಿಯ ಹಾವು ಮರಿ ಮಾಡಿದರೆ ಪ್ರತಿ ಜನನವನ್ನೂ ವರದಿ ಮಾಡಬೇಕು, ಸಾವನ್ನೂ, ಹಸ್ತಾಂತರವನ್ನೂ. ಆ ಅನುಸೂಚಿಯ ಒಂದನೇ ಅನುಬಂಧದ ಪ್ರಾಣಿಯಾದರೆ ಸಂತಾನಾಭಿವೃದ್ಧಿಗೆ 2023ರ ನಿಯಮಗಳಡಿ ಪ್ರತ್ಯೇಕ ಪರವಾನಗಿಯೂ ಬೇಕಾಗುತ್ತದೆ. ಜೋಡಿಯನ್ನು ತಿಂಗಳುಗಟ್ಟಲೆ ಕೂಡಿಟ್ಟು ‘ಮೊಟ್ಟೆ ಆಕಸ್ಮಿಕ’ ಎಂದರೆ ವಾದ ನಿಲ್ಲುವುದು ಕಷ್ಟ. ಇಕ್ಕಟ್ಟಿನ ಡಬ್ಬದಲ್ಲಿ ತುರುಕಿದ್ದಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 11 ಇದೆ. ಮೊದಲ ಬಾರಿಗೆ ದಂಡ 10ರಿಂದ 50 ರೂಪಾಯಿ! ಆರು ದಶಕದ ಹಿಂದಿನ ಈ ಮೊತ್ತ ಇಂದು ಯಾರನ್ನೂ ಹೆದರಿಸದು, ಆದರೆ ಪ್ರಕರಣ ದಾಖಲಾದರೆ ಮಿಕ್ಕ ಕಾಗದಗಳೂ ಹೊರಗೆ ಬರುತ್ತವೆ.

ಹಾವು ಕಾಣೆಯಾಗಿದೆ ಎನ್ನಿ. ಕೋಣೆಯ ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಟವೆಲ್ ತುರುಕಿ, ಬಚ್ಚಲಿನ ಜಾಲರಿ ನೋಡಿ. ಬಾಲ್ ಪೈಥಾನ್ ಸಾಮಾನ್ಯವಾಗಿ ಹತ್ತಿರದಲ್ಲೇ ಬೆಚ್ಚಗಿನ ಇಕ್ಕಟ್ಟು ಹುಡುಕಿ ಕೂರುತ್ತದೆ: ಫ್ರಿಜ್ ಹಿಂದೆ, ಯುಪಿಎಸ್ ಪಕ್ಕ, ಸೋಫಾದ ಒಳಗೆ. ಕಾರ್ನ್ ಸ್ನೇಕ್ ಹತ್ತುತ್ತದೆ, ಹಾಗಾಗಿ ಅಟ್ಟ, ಪರದೆಯ ಪಟ್ಟಿಯನ್ನೂ ನೋಡಬೇಕು. ರಾತ್ರಿ ಬಾಗಿಲ ಬಳಿ ತೆಳ್ಳಗೆ ಹಿಟ್ಟು ಉದುರಿಸಿದರೆ ಹೋದ ಜಾಡು ಬೆಳಿಗ್ಗೆ ಕಾಣುತ್ತದೆ. ಉಳಿದ ಹಾವಿನ ಹೊಟ್ಟೆ ಉಬ್ಬಿದ್ದರೆ ಹಿಸುಕಿ ನೋಡಬೇಡಿ, ಎಕ್ಸ್‌ರೇ ತೆಗೆಸಿ. ಆ ವರದಿಯೇ ಮುಂದೆ ನಿಮ್ಮ ದಾಖಲೆ.

ಮನೆಯೊಳಗೆ ಸಿಗದಿದ್ದರೆ ಮುಚ್ಚಿಡಬೇಡಿ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಆಮೇಲೆ ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಜಾತಿ, ಉದ್ದ, ಬಣ್ಣ, ನೋಂದಣಿ ಸಂಖ್ಯೆ, ಕೊನೆಗೆ ಕಂಡ ಸಮಯ, ಫೋಟೊ ಇರಲಿ. ಪೊಲೀಸ್ ಠಾಣೆಗೂ ಅರ್ಜಿ ಕೊಟ್ಟು ಹಿಂಬರಹ ಕೇಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಅಕ್ಕಪಕ್ಕದವರಿಗೆ ಹೇಳುವಾಗ ಮಾತಿನಲ್ಲಿ ಎಚ್ಚರ ಬೇಕು. ‘ವಿಷವಿಲ್ಲ, ಕಂಡರೆ ಹಿಡಿದುಕೊಡಿ’ ಎನ್ನುವುದು ಅಪಾಯದ ಮಾತು. ಬಾಲ್ ಪೈಥಾನಿನ ಮೈಮೇಲಿನ ಮಚ್ಚೆ ನೋಡಿ ಕೊಳಕುಮಂಡಲ ಎಂದು ಹೊಡೆಯುವವರಿದ್ದಾರೆ. ಅದಕ್ಕಿಂತ ಭೀಕರವಾದದ್ದು, ಕೊಳಕುಮಂಡಲವನ್ನೇ ನಿಮ್ಮ ಕಳೆದುಹೋದ ಹಾವೆಂದು ಯಾರೋ ಎತ್ತಿಕೊಳ್ಳುವುದು. ಬೆಂಗಳೂರಿನ ಬಡಾವಣೆಗಳಲ್ಲಿ ಕೊಳಕುಮಂಡಲಕ್ಕೆ ಬರವಿಲ್ಲ. ‘ದೂರ ನಿಂತು ಫೋಟೊ ತೆಗೆಯಿರಿ, ಮುಟ್ಟಬೇಡಿ, ನನಗೆ ಫೋನ್ ಮಾಡಿ’ ಎಂದಷ್ಟೇ ಹೇಳಿ. ಯಾರಿಗಾದರೂ ಕಚ್ಚಿದರೆ ಯಾವ ಹಾವೆಂಬ ಚರ್ಚೆ ಬಿಟ್ಟು ಆಸ್ಪತ್ರೆಗೆ ಓಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಅಧಿಸೂಚಿತ ಪ್ರಕರಣ, ಆಸ್ಪತ್ರೆ ಅದನ್ನು ವರದಿ ಮಾಡಲೇಬೇಕು.

ಹೊಣೆ ಯಾರದು? ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 291ರ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಷ್ಟ ಪರಿಹಾರದ ಸಿವಿಲ್ ದಾವೆ ಪ್ರತ್ಯೇಕ. ಕಾಣೆಯಾದ ದಿನವೇ ತಿಳಿಸಿದ ಪತ್ರ ನಿರ್ಲಕ್ಷ್ಯದ ಆರೋಪವನ್ನು ಪೂರ್ತಿ ಅಳಿಸದು, ಆದರೆ ಬಚ್ಚಿಟ್ಟ ಆರೋಪವನ್ನು ತಡೆಯುತ್ತದೆ.

ನೋಂದಣಿಯೇ ಮಾಡಿಸದವರ ಸಂಕಟ ದೊಡ್ಡದು. ತಾನಾಗಿ ಘೋಷಿಸಿಕೊಂಡವರಿಗೆ ದಾಖಲೆ ಕೇಳದೆ ರಿಯಾಯಿತಿ ಕೊಟ್ಟ 2020ರ ಯೋಜನೆ ಆ ವರ್ಷದ ಡಿಸೆಂಬರ್‌ಗೇ ಮುಗಿಯಿತು. ಹಾಗಾಗಿ ಇಲಾಖೆಗೆ ಹೋಗುವ ಮುನ್ನ ವಕೀಲರನ್ನು ಕಾಣಿ. ಮಹಿಳೆಯರು, ಪರಿಶಿಷ್ಟರು, ಆದಾಯ ಮಿತಿಯೊಳಗಿನವರು ಉಚಿತ ನೆರವಿಗೆ 15100ಕ್ಕೆ ಕರೆ ಮಾಡಬಹುದು. ಅಧಿಕಾರಿಗಳು ಶೋಧಕ್ಕೆ ಬಂದರೆ ಗುರುತಿನ ಚೀಟಿ ಕೇಳುವುದು, ಮಹಜರನ್ನು ಓದಿಯೇ ಸಹಿ ಮಾಡುವುದು, ಜಪ್ತಿ ಪಟ್ಟಿಯ ಪ್ರತಿ ಕೇಳುವುದು ಅಡ್ಡಿ ಮಾಡಿದಂತಲ್ಲ. ಬಂಧಿಸಿದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಹಾವು ಸಿಕ್ಕಿತೇ? ದೂರು ಕೊಟ್ಟ ಕಡೆಗೆಲ್ಲ ‘ಸಿಕ್ಕಿದೆ’ ಎಂದು ಲಿಖಿತವಾಗಿಯೇ ತಿಳಿಸಿ, ಇಲ್ಲದಿದ್ದರೆ ಕಡತದಲ್ಲಿ ಅದು ಕಾಣೆಯಾಗಿಯೇ ಉಳಿಯುತ್ತದೆ. ಹೊರಗೆ ಓಡಾಡಿ ಬಂದ ಹಾವು ಉಣ್ಣೆಹುಳು, ಸೋಂಕು ತಂದಿರಬಹುದು. ಪಶುವೈದ್ಯರು ನೋಡಿದ ಮೇಲೂ ಅದಕ್ಕೆ ಬೇರೆ ಡಬ್ಬವೇ ಇರಲಿ.